ಗೋಡೆಗೆ ಕೋಟು ಹೊಲಿದ ಟೈಲರಣ್ಣ

ನಮ್ಮ ಬೀದಿಯ ಟೈಲರಣ್ಣನ ಅಂಗಡಿ ಇರೋದು ಅವನ ಮನೆಯ ನೆಲಮಾಳಿಗೆಯಲ್ಲಿ. ಮೆಟ್ಟಿಲಿಳಿದರೆ ಎದುರಿಗೆ ಹೊಲಿಗೆ ಮೆಷಿನ್ನು, ಪಕ್ಕದಲ್ಲಿ ಇಸ್ತ್ರಿ ಟೇಬಲ್ಲು, ಹಿಂದಿನ ಗೋಡೆಗೆ ತಾಗಿದ ಕುರ್ಚಿಯಲ್ಲಿ ಗುಂಡಿ ಹಾಕುತ್ತಾ ಕೂತ ಅವನ ತಾಯಿ. ಆ ಕುರ್ಚಿಯೇ ಅಮ್ಮನ ಸಿಂಹಾಸನ. ಗಿರಾಕಿಗಳ ಸೊಂಟದ ಅಳತೆಯೂ ಅಮ್ಮನಿಗೆ ಗೊತ್ತು, ಸಂಸಾರದ ಸುದ್ದಿಯೂ ಗೊತ್ತು.

ತಕರಾರು ಇದ್ದದ್ದು ಆ ಹಿಂದಿನ ಗೋಡೆಯದೇ. ಮಳೆ ಬಂತೆಂದರೆ ಬುಡದಲ್ಲಿ ಒದ್ದೆ ಕಲೆ, ಅದರ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಪುಡಿ. ಕರಿ ಕೋಟು ಹಾಕಿ ನೋಡಲು ಬಂದವರು ಒರಗಿದರೋ, ಬೆನ್ನೆಲ್ಲ ಬಿಳಿ. ಟೈಲರಣ್ಣ ಬಣ್ಣ ಹೊಡೆಸಿದ. ಬಣ್ಣ ಬೊಬ್ಬೆ ಎದ್ದು ಕಳಚಿ ಬಿತ್ತು. ಮತ್ತೆ ಹೊಡೆಸಿದ. ಮತ್ತೆ ಬಿತ್ತು.

ಕೊನೆಗೆ ತನಗೆ ಗೊತ್ತಿದ್ದ ವಿದ್ಯೆಯನ್ನೇ ಪ್ರಯೋಗಿಸಿದ. ಟೇಪು ಹಿಡಿದು ಅಳತೆ ತೆಗೆದು, ದಪ್ಪ ಬಟ್ಟೆಗೆ ಲೈನಿಂಗ್ ಕೊಟ್ಟು, ಗೋಡೆಗೇ ಒಂದು ಕೋಟು ಹೊಲಿದು ತೊಡಿಸಿದ. ಕತ್ತರಿ ಇಡಲು ಜೇಬು ಬೇರೆ!

"ಕಣ್ಣಿಗೆ ಕಾಣಿಸಲ್ಲ ಅಂದ್ಮೇಲೆ ಇಲ್ಲ ಅಂತಾನೇ ಲೆಕ್ಕ" ಅಂದ.

ಅಮ್ಮನಿಗೆ ಕೆಮ್ಮು ಶುರುವಾಯಿತು. ಹೋಗೋ ಕೆಮ್ಮಲ್ಲ. ಡಾಕ್ಟರು, "ತೇವ ಇರೋ ಜಾಗದಲ್ಲಿ ಇವರನ್ನ ಕೂರಿಸಬೇಡಿ" ಅಂದರು. ಅಮ್ಮನನ್ನು ಮೇಲಿನ ಕೋಣೆಗೆ ಸಾಗಿಸಿದರು. ಅಲ್ಲಿ ಗಿರಾಕಿಯೂ ಇಲ್ಲ, ಸುದ್ದಿಯೂ ಇಲ್ಲ. ಅಮ್ಮನ ಊಟ ಅರ್ಧಕ್ಕಿಳಿಯಿತು.

"ಕೆಮ್ಮಿನಿಂದ ಸಾಯಲ್ಲ ಕಣೋ, ಮಾತಿಲ್ದೆ ಸಾಯ್ತೀನಿ" ಅಂತ ಮೇಲಿನಿಂದಲೇ ಕೂಗು.

ಪಕ್ಕದ ಮನೆಯ ಪ್ಲಂಬರಕ್ಕ ಪ್ಯಾಂಟು ಸಡಿಲ ಮಾಡಿಸಲು ಬಂದದ್ದು ಆಗಲೇ.

"ಗೋಡೆಗೆ ಕಿವಿ ಇರುತ್ತೆ ಅಂತ ಕೇಳಿದ್ದೆ. ನಿನ್ನ ಗೋಡೆಗೆ ಜೇಬೂ ಇದೆಯಲ್ಲೋ ತಮ್ಮಾ!" ಅಂತ ಕೋಟಿನ ಅಂಚು ಎತ್ತಿದಳು. ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಲೈನಿಂಗಿನ ತುಂಬ ಕಪ್ಪು ಬೂಷ್ಟು.

"ಅಮ್ಮನ ಕೆಮ್ಮು ಎಲ್ಲಿಂದ ಬಂತು ಅಂತ ಹುಡುಕ್ತಾ ಇದ್ಯಾ? ಇಲ್ಲೇ ಬೆಚ್ಚಗೆ ಸಾಕಿದೀಯ."

ಟೈಲರಣ್ಣನ ಮುಖ ಇಳಿಯಿತು. ಹಟ ಇಳಿಯಲಿಲ್ಲ. "ಹಳೇ ಗೋಡೆ ಅಕ್ಕ. ಅದಕ್ಕೆ ವಯಸ್ಸಾಗಿದೆ, ಅಷ್ಟೇ."

"ವಯಸ್ಸಲ್ಲ, ನೀರು. ಹೊರಗಿನ ಮಣ್ಣಿನ ನೀರನ್ನ ಗೋಡೆ ಕುಡಿಯುತ್ತೆ. ಮಣ್ಣು, ಇಟ್ಟಿಗೆ, ಸಿಮೆಂಟಿನ ಉಪ್ಪನ್ನೆಲ್ಲ ಆ ನೀರು ಕರಗಿಸ್ಕೊಂಡು ಈ ಕಡೆ ಬರುತ್ತೆ. ನೀರು ಆರುತ್ತೆ, ಉಪ್ಪು ಉಳಿಯುತ್ತೆ. ಬೆವರು ಆರಿದ ಮೇಲೆ ಅಂಗಿ ಬೆನ್ನಲ್ಲಿ ಬಿಳಿ ಗೆರೆ ಬೀಳಲ್ವಾ? ಹಂಗೆ."

"ಹೊರಗಿನ ನೀರೇ ಅಂತ ಹೆಂಗೆ ಹೇಳ್ತೀಯ? ನನ್ನ ಇಸ್ತ್ರಿ ಹಬೆ ಇರಬಹುದು."

"ಇರಬಹುದು. ಗೋಡೇನೇ ಕೇಳೋಣ."

ಅಕ್ಕ ಗೋಡೆಯ ಒಂದು ಜಾಗ ಒರೆಸಿ ಒಣಗಿಸಿ, ಸೀರೆ ಸುತ್ತಿ ಕೊಡುವ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಾಕಿ ಅಂಟಿಸಿದಳು. ಮಾರನೇ ದಿನ ಸಂಜೆ ನೋಡಿದರೆ ಹಾಳೆಯ ಹೊರಮೈ ಒಣಗಿತ್ತು. ಗೋಡೆಯ ಕಡೆಯ ಮೈ ತೊಟ್ಟಿಕ್ಕುತ್ತಿತ್ತು.

"ಹೊರಮೈ ಒದ್ದೆ ಆಗಿದ್ರೆ ನಿನ್ನ ಹಬೆ. ಇದು ಗೋಡೆಯೊಳಗಿಂದ್ಲೇ ಬಂದಿದ್ದು. ನಡಿ ಹೊರಗೆ."

ಹೊರಗೆ ಹೋದರೆ, ಚಾವಣಿಯ ಮಳೆನೀರಿನ ಪೈಪು ಗೋಡೆಗೆ ಅಂಟಿಕೊಂಡು ಮೊಣಕಾಲೆತ್ತರದಲ್ಲೇ ಮುಗಿದಿತ್ತು. ನೀರೆಲ್ಲ ನೇರ ಬುಡಕ್ಕೆ.

"ಇದ್ಯಾಕೆ ಇಷ್ಟು ಗಿಡ್ಡ?"

ಟೈಲರಣ್ಣ ಕತ್ತು ಕೆರೆದುಕೊಂಡ. ಅವನ ಹೆಂಡತಿ ಬಾಯಿ ಬಿಟ್ಟಳು: "ಗಿರಾಕಿಗಳ ಕಾಲಿಗೆ ತಗಲುತ್ತೆ ಅಂತ ಇವರೇ ಆಲ್ಟ್ರೇಷನ್ ಮಾಡಿದ್ದು!"

"ಪ್ಯಾಂಟಿದ್ದದ್ದನ್ನ ಚಡ್ಡಿ ಮಾಡಿದೀಯಲ್ಲೋ! ಹೊರಗೆ ನೀನೇ ನೀರು ಕುಡಿಸಿ, ಒಳಗೆ ಬಣ್ಣ ಬಳಿದ್ಯಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಂಗಾಯ್ತು."

ಅಕ್ಕ ಪೈಪಿಗೆ ಉದ್ದ ಜೋಡಿಸಿ, ನೀರು ಗೋಡೆಯಿಂದ ದೂರ ಚರಂಡಿಗೆ ಬೀಳೋ ಹಾಗೆ ಮಾಡಿದಳು. ಗೋಡೆ ಬುಡಕ್ಕೆ ಮಣ್ಣು ಏರಿಸಿ, ಇಳಿಜಾರು ಹೊರಮುಖವಾಗಿ ತಿರುಗಿಸಿದರು. ಗೋಡೆಯ ಹೊರಮೈಯಲ್ಲಿ ಕಂಡ ಬಿರುಕಿಗೆ ಸಿಮೆಂಟು ಮೆತ್ತಿದರು. ಬೂಷ್ಟು ಹಿಡಿದ ಕೋಟು ಕಸದ ಗಾಡಿ ಹತ್ತಿತು.

ಟೈಲರಣ್ಣ ಗೋಡೆ ತೊಳೆಯಲು ಬಕೆಟ್ಟು ಎತ್ತಿದ.

"ಏ, ನೀರು ಬೇಡ! ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತೆ. ಮೂಗು ಬಾಯಿಗೆ ಬಟ್ಟೆ ಕಟ್ಕೊಂಡು, ಕಿಟಕಿ ತೆಗೆದು, ಗಟ್ಟಿ ಬ್ರಷ್ಷಲ್ಲಿ ಒಣಗಿದ್ದಂಗೇ ಉಜ್ಜು."

"ಆಸಿಡ್ ಹಾಕಿದ್ರೆ?" ಅಂದಳು ಹೆಂಡತಿ.

"ಮುಚ್ಚಿದ ನೆಲಮಾಳಿಗೇಲಾ? ಅತ್ತೆ ಒಬ್ರು ಕೆಮ್ತಿರೋದು ಸಾಲದಾ?"

"ಇವತ್ತೇ ಬಣ್ಣ ಹೊಡೆದುಬಿಡ್ಲಾ?" ಅಂದ ಟೈಲರಣ್ಣ.

"ಒದ್ದೆ ಮೈಗೆ ಅಂಗಿ ಹಾಕ್ತೀಯೇನೋ? ಪೂರ್ತಿ ಒಣಗಲಿ. ಇಸ್ತ್ರಿ ಮಾಡುವಾಗಲೂ ಕಿಟಕಿ ತೆಗೆದಿಡು."

ದಿನಾ ಮೇಲಿನಿಂದ ಕೂಗು: "ಗೋಡೆ ಒಣಗ್ತೇನೋ? ನಾನೇ ಒಣಗಿಹೋಗ್ತಿದೀನಿ ಇಲ್ಲಿ!"

ಒಂದು ಜೋರು ಮಳೆ ಬಂದು ಹೋಯಿತು. ಮತ್ತೆ ಹಾಳೆ ಅಂಟಿಸಿದರು. ಈ ಸಲ ಎರಡೂ ಮೈ ಒಣಗಿತ್ತು. ಕೆಮ್ಮೂ ಅಷ್ಟರಲ್ಲಿ ಕಡಿಮೆಯಾಗಿತ್ತು, ಇನ್ನು ಕೆಳಗೆ ಕೂರಬಹುದು ಅಂತ ಡಾಕ್ಟರೂ ಅಂದರು.

ಅಮ್ಮ ಮೆಟ್ಟಿಲಿಳಿದು ಬಂದರು. ಯಾರ ಮಾತನ್ನೂ ನಂಬದೆ, ಒಂದು ಕರಿ ಬಟ್ಟೆ ತಗೊಂಡು ಗೋಡೆಗೆ ಉಜ್ಜಿ ನೋಡಿದರು. ಕರಿ ಬಟ್ಟೆ ಕರಿಯಾಗೇ ಇತ್ತು. ಗೋಡೆಗೆ ಗೇಣು ದೂರದಲ್ಲಿ ಹಾಕಿದ್ದ ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿ, ತೂಗುಹಾಕಿದ್ದ ಕೋಟುಗಳನ್ನು ನೋಡಿದರು.

"ನಾನಿಲ್ಲದಾಗ ಈ ಗುಂಡಿ ಹಾಕಿದ್ಯಾರು? ಎಲ್ಲ ಸೊಟ್ಟ. ಬಿಚ್ಚೋ ಎಲ್ಲಾನೂ!"

ಟೈಲರಣ್ಣ ಖುಷಿಯಿಂದ ಒಂದೊಂದೇ ಬಿಚ್ಚಿದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಗೋಡೆಯಲ್ಲೂ ಬಿಳಿ ಪುಡಿ ಕಂಡರೆ ಬಣ್ಣದ ಡಬ್ಬ ತೆರೆಯೋ ಮೊದಲು ಹೊರಗೆ ಹೋಗಿ ಬನ್ನಿ. ಮಳೆನೀರು ಎಲ್ಲಿ ಬೀಳುತ್ತೆ, ಎಲ್ಲಿ ನಿಲ್ಲುತ್ತೆ ನೋಡಿ. ಅದನ್ನು ದೂರ ಕಳಿಸಿ, ಗೋಡೆ ಒಣಗಲು ಬಿಡಿ, ಆಮೇಲೆ ಬಣ್ಣ. ಆದರೂ ನೀರು ನಿಲ್ಲದಿದ್ದರೆ, ಗೋಡೆ ಉಬ್ಬಿದರೆ, ತಿಳಿದವರನ್ನು ಕರೆಸಿ. ಕೋಟು ಮಾತ್ರ ಮನೆಯವರಿಗೇ ಹೊಲಿಸಿ.