ಎಂಟು ಸಾಲು ರಷ್ಯನ್

ಶುರುವಾದದ್ದು ೨೦೧೨ರ ಬೇಸಿಗೆಯಲ್ಲಿ, ರಂಜಾನ್ ಕಳೆದ ಮೊದಲ ಶುಕ್ರವಾರ, ಹಗಲು ನಾಲ್ಕು ಗಂಟೆಗೆ. ಆ ಹೊತ್ತಿಗೆ ದುಬೈಯ ಸತ್ವಾದ ರಸ್ತೆಯಲ್ಲಿ ಬೆಕ್ಕುಗಳೂ ನಡೆಯುವುದಿಲ್ಲ. ನಿಲ್ಲಿಸಿದ ಕಾರುಗಳ ಅಡಿಯಲ್ಲಿ ಮಲಗಿರುತ್ತವೆ. ನನ್ನ ಹೊಲಿಗೆ ಅಂಗಡಿಯ ಬಾಗಿಲು ತಳ್ಳಿಕೊಂಡು ಕಜೆತಾನ್ ಒಳಗೆ ಬಂದ. ಹಿಂದೆ ಅವನ ಹೆಂಡತಿ ಎವ್ಲಿನ್, ಎರಡು ಕೈ ತುಂಬ ಹಳೆಯ ಚಳಿ ಕೋಟುಗಳು.

"ಪಾಸ್ಕಲ್ ಬಾವ್, ಕೋಟು ನೋಡಿ ನಗಬೇಡಿ. ನಾವು ರಷ್ಯಾಕ್ಕೆ ಹೊರಟದ್ದು," ಎಂದ. ಬಾವ್ ಎಂದರೆ ನಮ್ಮ ಕೊಂಕಣಿಯಲ್ಲಿ ಅಣ್ಣ.

"ನೀವು ಇರುವುದೇ ರಷ್ಯಾದಲ್ಲಲ್ವಾ?" ಎಂದೆ.

ಅವರ ಮನೆ ಇಂಟರ್‌ನ್ಯಾಷನಲ್ ಸಿಟಿಯಲ್ಲಿ. ಅಲ್ಲಿ ಕಟ್ಟಡಗಳ ಒಂದೊಂದು ಗುಂಪಿಗೆ ಒಂದೊಂದು ದೇಶದ ಹೆಸರು. ಅವರದ್ದು ರಷ್ಯಾ ಗುಂಪು.

ಎವ್ಲಿನ್ ಕೋಟುಗಳನ್ನು ಮೇಜಿನ ಮೇಲೆ ಸುರಿದು ನಕ್ಕಳು. "ನಾನೂ ಅದನ್ನೇ ಹೇಳಿದ್ದು ಮಾರಾಯ್ರೆ. ಲಿಫ್ಟ್ ಇಳಿದರೆ ರಷ್ಯಾ, ರಸ್ತೆ ದಾಟಿದರೆ ಸ್ಪೇನ್. ಇವರಿಗೆ ಅದು ಸಾಕಾಗುವುದಿಲ್ಲ."

ಕಜೆತಾನ್ ನಮ್ಮ ಕೊಂಕಣಿ ಪ್ರಾರ್ಥನಾ ಕೂಟದ ಮುಖ್ಯಸ್ಥ. ಬಕ್ರೀದ್ ರಜೆಯಲ್ಲಿ ಕೂಟದ ಹನ್ನೊಂದು ಮಂದಿ ವೋಲ್ಗಾ ನದಿಯ ದಡದ ಒಂದು ಸಣ್ಣ ಊರಿಗೆ ಹೋಗುವವರಿದ್ದರು. ಅಲ್ಲಿ ನಮ್ಮದೇ ಕಥೋಲಿಕ ಸಭೆಯ ಮೂವತ್ತು ನಲವತ್ತು ಮಂದಿ ಇದ್ದಾರಂತೆ, ಹೆಚ್ಚಿನವರು ಮುದುಕಿಯರು. ಸೋವಿಯತ್ ಸರಕಾರ ಇಗರ್ಜಿಗಳನ್ನು, ಚರ್ಚುಗಳನ್ನು, ಮುಚ್ಚಿಸಿದ್ದ ಕಾಲದಲ್ಲಿ ಅಡುಗೆಮನೆಯ ಪರದೆ ಎಳೆದುಕೊಂಡು ಜಪಸರ ಹಿಡಿದವರಂತೆ. ಅವರನ್ನು ಕಂಡು, ಜೊತೆಗೆ ಪ್ರಾರ್ಥನೆ ಮಾಡಿ ಬರುವುದು ಇವರ ಉದ್ದೇಶ.

"ನಿಮಗೆ ರಷ್ಯನ್ ಬರ್ತದಂತೆ, ನಮ್ಮ ಕೂಟದ ಜೂಡಿತ್ ಬಾಯಿ ಹೇಳಿದರು. ಹೌದಾ?" ಎಂದು ಕಜೆತಾನ್ ಕೇಳಿದ.

ಬರುತ್ತದೆ. ತೊಂಬತ್ತರ ದಶಕದಲ್ಲಿ ದೇರಾದ ಒಂದು ತುಪ್ಪಳದ ಕೋಟಿನ ಅಂಗಡಿಯಲ್ಲಿ ನಾನು ಒಂಬತ್ತು ವರ್ಷ ಕೂತವನು. ರಷ್ಯಾದ ಹೆಂಗಸರು ವಿಮಾನದಲ್ಲಿ ಬಂದು, ಕೋಟು ಕೊಂಡು, ಮೂಟೆ ಕಟ್ಟಿ ಒಯ್ಯುತ್ತಿದ್ದ ಕಾಲ ಅದು. ತೋಳು ಗಿಡ್ಡ ಮಾಡುವುದು, ಅಸ್ತರು ಬದಲಿಸುವುದು ನನ್ನ ಕೆಲಸ. ಅವರ ಅಕ್ಷರ ಒಂದೂ ನನಗೆ ಗೊತ್ತಿಲ್ಲ. ಮಾತು ಮಾತ್ರ ಕಿವಿಯಿಂದ ಒಳಗೆ ಹೋಗಿ ಕೂತಿದೆ.

"ಇಗರ್ಜಿಯಲ್ಲಿ ನಾನು ಅವರ ಭಾಷೆಯಲ್ಲೇ ನಾಲ್ಕು ಮಾತು ಆಡಬೇಕು ಬಾವ್. ಗೈಡ್ ಹೇಳಿದರೆ ಎದೆಗೆ ತಾಗುವುದಿಲ್ಲ. ನೀವು ಕನ್ನಡ ಅಕ್ಷರದಲ್ಲಿ ಬರೆದು ಕೊಡಿ. ನಾವು ಕೊಂಕಣಿ ಓದುವುದೂ ಅದರಲ್ಲೇ ಅಲ್ವಾ?"

"ಏನಂತ ಬರೆಯಬೇಕು?"

"ನೀವೇ ನೋಡಿ. ವಿನಯ ಇರಬೇಕು. ಕೇಳಿದವರ ಕಣ್ಣಲ್ಲಿ ನೀರು ಬರಬೇಕು."

ಬರೆಯುತ್ತೇನೆ ಎಂದೆ. ಹೊರಡುವಾಗ ಅವನು ಯಾವಾಗಲೂ ಹೇಳುವುದನ್ನೇ ಹೇಳಿದ: "ಸಿಪ್ರಿ ಇದ್ದಿದ್ದರೆ ಅವನನ್ನೂ ಕರ್ಕೊಂಡು ಹೋಗ್ತಿದ್ದೆ. ಅವತ್ತು ಅವನಿಗೋಸ್ಕರ ನಾನು ಎಷ್ಟು ಬೇಡಿಕೊಂಡೆ, ನಿಮಗೆ ಗೊತ್ತುಂಟಲ್ಲ."

ಗೊತ್ತುಂಟು.

ಸಿಪ್ರಿ ಎಂದರೆ ಸಿಪ್ರಿಯನ್, ನನ್ನ ತಮ್ಮ. ೧೯೯೫ರಲ್ಲಿ ಅಬುಧಾಬಿಯ ಮುಸಾಫದಲ್ಲಿ ಒಂದು ಮರದ ಕಾರ್ಖಾನೆಯಲ್ಲಿ ಗರಗಸದ ಯಂತ್ರ ನಡೆಸುತ್ತಿದ್ದ. ಕಜೆತಾನ್ ಅಲ್ಲಿ ಫೋರ್‌ಮನ್. ಒಂದು ದಿನ ಯಂತ್ರ ನಿಲ್ಲಿಸಿ ಒಬ್ಬ ಪಠಾಣ ಒಳಗೆ ಕೈ ಹಾಕಿ ಮರದ ಚೂರು ತೆಗೆಯುತ್ತಿದ್ದ. ಸಿಪ್ರಿ ನೀರು ಕುಡಿಯಲು ಆಚೆ ಹೋಗಿದ್ದ. ಕೆಲಸ ತಡವಾಯಿತೆಂದು ಕೂಗಾಡುತ್ತ ಬಂದ ಕಜೆತಾನ್, ನೋಡದೆ ಸ್ವಿಚ್ ಹಾಕಿದ. ಪಠಾಣನ ಬಲಗೈ ಹೋಯಿತು. ನೀರಿನ ಲೋಟ ಹಿಡಿದುಕೊಂಡೇ ಸಿಪ್ರಿ ಎಲ್ಲವನ್ನೂ ಕಂಡ.

ಠಾಣೆಯಲ್ಲಿ ತಮ್ಮನಿಗೆ ಅರಬಿ ಬಾರದು. ಕಜೆತಾನನಿಗೆ ಬರುತ್ತಿತ್ತು, ದುಭಾಷಿಯಾಗಿ ಅವನೇ ನಿಂತ. ತಮ್ಮನಿಗೆ ಬಟ್ಟೆ ತಂದಿದ್ದ ನಾನು ಬಾಗಿಲ ಬಳಿ ಇದ್ದೆ. ಸಿಪ್ರಿ ಕೊಂಕಣಿಯಲ್ಲಿ, "ಸ್ವಿಚ್ ನಾನು ಮುಟ್ಟಲಿಲ್ಲ. ಹಾಕಿದ್ದು ನೀವು. ಹೇಳಿ ಇವರಿಗೆ, ಕಜೆತಾನ್ ಬಾವ್," ಎಂದ. ಕಜೆತಾನ್ ತಲೆಯಾಡಿಸಿ, ಸಿಪ್ರಿಯ ಕಡೆ ಕೈ ತೋರಿಸಿ, ಅರಬಿಯಲ್ಲಿ ಮೆಲ್ಲಗೆ ಏನೋ ಹೇಳಿದ. ಅದರಲ್ಲಿ ಒಂದು ಪದ ನನಗೆ ಗೊತ್ತಿತ್ತು. ಘಲ್ತಾನ್. ತೋಳಿನ ಅಳತೆ ತಪ್ಪಿದಾಗ ಅಂಗಡಿಯ ಅರಬಿ ಯಜಮಾನ ನನಗೆ ಬೈಯುತ್ತಿದ್ದ ಪದ ಅದು: ತಪ್ಪು ಮಾಡಿದವನು. ಕಜೆತಾನ್ ಸತ್ಯ ಹೇಳಿದನೆಂದೇ ತಿಳಿದ ಸಿಪ್ರಿ, "ದೇವ್ ಬರೆಂ ಕರುಂ," ದೇವರು ಒಳ್ಳೆಯದು ಮಾಡಲಿ, ಎಂದು ಅವನಿಗೆ ಕೈ ಮುಗಿದು, ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದ.

ನಾನು ಬಾಯಿ ತೆರೆಯಲಿಲ್ಲ. ನನ್ನ ವೀಸಾ ಮುಗಿಯಲು ಮೂರು ತಿಂಗಳಿತ್ತು.

ಆರು ತಿಂಗಳು ಜೈಲು. ಆಮೇಲೆ ಮತ್ತೆ ಬಾರದ ಹಾಗೆ ಬೆರಳಚ್ಚು ತೆಗೆದು ಊರಿಗೆ ಕಳಿಸಿದರು. ಊರಲ್ಲಿ "ಕೈ ಕಡಿದವ" ಎಂದು ಹೆಸರಾಯಿತು, ಮರದ ಕೆಲಸಕ್ಕೆ ಯಾರೂ ಕರೆಯಲಿಲ್ಲ. ಈಜು ಬಾರದವನು ಮಲ್ಪೆಯ ಬೋಟಿಗೆ ಹೋದ. ಎರಡನೆಯ ವರ್ಷ ಬೋಟು ಬಂತು, ಅವನು ಬರಲಿಲ್ಲ.

ಠಾಣೆಯ ಆ ದಿನದಿಂದ ಹದಿನೇಳು ವರ್ಷ ನಾನು ಕಜೆತಾನನ ಪ್ಯಾಂಟು ಹೊಲಿದಿದ್ದೇನೆ. ಅವನ ಸೊಂಟ ಮೂವತ್ತೆರಡರಿಂದ ನಲವತ್ತಕ್ಕೆ ಬಂದದ್ದು ಯಾವ ಯಾವ ವರ್ಷ ಎಷ್ಟೆಷ್ಟು ಎಂದು ನನಗೆ ನೆನಪಿದೆ.

ಕತ್ತರಿಸುವ ಅಳತೆಗೆಂದು ಇಟ್ಟ ಕಂದು ಕಾಗದದ ಒಂದು ತುಂಡಿನಲ್ಲಿ, ದಪ್ಪ ಅಕ್ಷರದಲ್ಲಿ, ಒಂದು ವಾರ ಹಿಡಿದು ಎಂಟು ಸಾಲು ಬರೆದೆ. ಶುಕ್ರವಾರ ಇಗರ್ಜಿಯ ಪೂಜೆ ಮುಗಿಸಿ ಬಂದವನ ಕೈಗೆ ಕೊಟ್ಟೆ.

"ಮೆನ್ಯಾ ಜವೂತ್ ಕಜೆತಾನ್," ಎಂದು ಓದಿದ. "ಇದು ನನ್ನ ಹೆಸರು. ಮುಂದೆ... ಮಷೀನು? ಮಷೀನು ಯಾಕೆ ಬಾವ್?"

ನನ್ನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಒಂದೊಂದೇ ತೆಗೆದೆ. "ಅವರು ಗಾಡಿಗೆ ಮಷೀನ ಅಂತಲೇ ಹೇಳುವುದು. ದೂರದಿಂದ ಗಾಡಿಯಲ್ಲಿ ಬಂದೆವು ಅಂತ."

"ಬ್ರಾತ್?"

"ಸಹೋದರ."

"ಆಹಾ! ಎರಡು ಸಲ ಉಂಟಲ್ಲ. ಒಳ್ಳೇದಾಯ್ತು, ಎಲ್ಲರೂ ಸಹೋದರರೇ."

ಎಂಟು ಶುಕ್ರವಾರ ಅವನು ಬಂದ. ಅರ್ಧ ಹೊಲಿದ ಕೋಟು ತೊಟ್ಟು, ನಿಲುವುಗನ್ನಡಿಯ ಎದುರು ನಿಂತು, ಎದೆಯ ಮೇಲೆ ಕೈ ಇಟ್ಟು ಹೇಳುತ್ತಿದ್ದ: "ಯಾ ವಿನವತ್." ತಪ್ಪು ನನ್ನದು. ನಾನು ಹಿಂದೆ ಕೂತು ಕೋಟಿನ ಅಂಚು ಮಡಚುತ್ತ, "ಇನ್ನೊಮ್ಮೆ," ಎನ್ನುತ್ತಿದ್ದೆ. ಅವನು ಇನ್ನೊಮ್ಮೆ ಹೇಳುತ್ತಿದ್ದ. "ವಿನವತ್ ಗಂಟಲಿಂದ ಬರ್ತಾ ಉಂಟು, ಎದೆಯಿಂದ ಬರಲಿ," ಎನ್ನುತ್ತಿದ್ದೆ. ಎದೆಯಿಂದ ಹೇಳುತ್ತಿದ್ದ. ಅಷ್ಟು ರುಚಿಯಾದ ಶುಕ್ರವಾರಗಳು ಆ ಹದಿನೇಳು ವರ್ಷಗಳಲ್ಲಿ ನನಗೆ ಸಿಕ್ಕಿರಲಿಲ್ಲ.

"ನನಗೆ ಸಹ ಇಷ್ಟು ಪ್ರೀತಿಯಿಂದ ಯಾವತ್ತೂ ಮಾತಾಡಿದವರಲ್ಲ," ಎಂದು ಎವ್ಲಿನ್ ಬೆಂಚಿನಿಂದ ಚುಚ್ಚುತ್ತಿದ್ದಳು. "ಮದುವೆಯಲ್ಲಿ ಪಾದ್ರಿ ಕೇಳಿದ್ದಕ್ಕೆ ಹೌದು ಅಂತ ಹೇಳ್ಲಿಕ್ಕೇ ಎರಡು ಸಲ ತಡವರಿಸಿದವರು."

ಆರನೆಯ ಶುಕ್ರವಾರ ಒಂದು ಗಂಡಾಂತರ ಬಂತು. ಕಜೆತಾನ್ ಕನ್ನಡಿಯ ಮುಂದಿದ್ದಾಗ ಗಲೀನಾ ಒಳಗೆ ಬಂದಳು. ತುಪ್ಪಳದ ಅಂಗಡಿಯ ಕಾಲದಿಂದ ನನ್ನ ಗಿರಾಕಿ, ಈಗ ದುಬೈಯಲ್ಲೇ ಇರುವ ರಷ್ಯಾದ ಮುದುಕಿ. ಕಿಟಕಿಯ ಪರದೆ ಹೊಲಿಯಲು ತಂದಿದ್ದಳು. ಕಜೆತಾನನಿಗೆ ಖುಷಿಯೋ ಖುಷಿ. ಅವಳ ಮುಂದೆ ನಿಂತು ಎಂಟೂ ಸಾಲು ಗಟ್ಟಿಯಾಗಿ ಹೇಳಿದ.

ಗಲೀನಾಳ ಮುಖದ ನಗು ಎರಡನೆಯ ಸಾಲಿಗೇ ಮಾಯವಾಯಿತು. ಕೊನೆಯವರೆಗೂ ಕೇಳಿ ನನ್ನ ಕಡೆ ತಿರುಗಿದಳು. "ಇವನಿಗೆ ಅರ್ಥ ಗೊತ್ತಿಲ್ಲ, ಅಲ್ಲವೆ?" ಎಂದು ತನ್ನ ಭಾಷೆಯಲ್ಲಿ ಕೇಳಿದಳು.

"ಇಲ್ಲ."

"ಸತ್ತವನು ನಿನಗೇನು?"

"ತಮ್ಮ."

ಕಜೆತಾನ್ ಕಾತರದಿಂದ, "ಎಂತ ಹೇಳ್ತಾಳೆ? ಸರಿ ಉಂಟಂತಾ?" ಎಂದ.

ಗಲೀನಾ ಪರದೆಯ ಬಟ್ಟೆಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ನಾಲ್ಕನೆಯ ಸಾಲಿನ ಕೊನೆ ಮೆತ್ತಗಾಯಿತು ಎಂದಳು. 'ಸುಳ್ಳು ಹೇಳಿದೆ' ಎಂದು ನಾನು ಬರೆದಿದ್ದ ಜಾಗಕ್ಕೆ ಬೇರೆ ಪದ ಕೊಟ್ಟಳು: ಪ್ರೆದಾಲ್. ದ್ರೋಹ ಮಾಡಿದೆ. ಕಜೆತಾನ್ ಕಿಸೆಯಿಂದ ಪೆನ್ನು ತೆಗೆದು, ಹಳೆಯದನ್ನು ಹೊಡೆದು ಹಾಕಿ, ತನ್ನ ಕೈಯಿಂದಲೇ ಬರೆದುಕೊಂಡ. "ಸ್ಪಸೀಬಾ, ಸ್ಪಸೀಬಾ," ಎಂದು ಅವಳಿಗೆ ಕೈ ಮುಗಿದ. ಸಿಪ್ರಿ ಮುಗಿದ ಹಾಗೆಯೇ.

ಅಕ್ಟೋಬರ್ ಇಪ್ಪತ್ತನಾಲ್ಕಕ್ಕೆ ಹನ್ನೊಂದು ಮಂದಿ ಹೊರಟರು. ನಾನು ಹೋಗಲಿಲ್ಲ. ಅಲ್ಲಿಯ ಭಾನುವಾರ ಇಲ್ಲಿಯ ಗಡಿಯಾರ ನೋಡುತ್ತ, ಈಗ ಎದ್ದು ನಿಂತಿರಬಹುದು, ಈಗ ಮುದುಕಿಯರ ಮುಖ ಬಿಗಿದಿರಬಹುದು, ಈಗ ಅವನತ್ತ ಬೆನ್ನು ಹಾಕಿರಬಹುದು ಎಂದು ಲೆಕ್ಕ ಹಾಕಿದೆ. ಮಧ್ಯಾಹ್ನದ ಊಟ ಸೇರಿತು.

ನವೆಂಬರ್ ಎರಡು, ಶುಕ್ರವಾರ, ಕಜೆತಾನ್ ಅಂಗಡಿಗೆ ಬಂದು ನನ್ನನ್ನು ತಬ್ಬಿಕೊಂಡ.

"ಅತ್ತುಬಿಟ್ಟರು ಬಾವ್! ಇಡೀ ಇಗರ್ಜಿ ಅತ್ತಿತು. ಪಾದ್ರಿಯವರು ಪೀಠದಿಂದ ಇಳಿದು ಬಂದು ನನ್ನ ತಲೆಯ ಮೇಲೆ ಕೈ ಇಟ್ಟರು. ಒಬ್ಬಳು ಮುದುಕಿ, ತೊಂಬತ್ತು ಆಗಿರ್ಬಹುದು, ನನ್ನ ಹಣೆಗೆ ಮುತ್ತು ಕೊಟ್ಟಳು."

"ಗೈಡ್?"

"ಅವಳು ಹೊರಗೆ ಸಿಗರೇಟು ಸೇದ್ತಿದ್ದಳು. ಬೇಕಾಗ್ಲೇ ಇಲ್ಲ ಅವಳು!" ಚೀಲದಿಂದ ಒಂದು ಹಳದಿ ಮೇಣದ ಬತ್ತಿ ತೆಗೆದ. "ಇದನ್ನು ಆ ಮುದುಕಿ ಕೊಟ್ಟದ್ದು. ಬ್ರಾತ್, ಬ್ರಾತ್ ಅಂತ ಹತ್ತು ಸಲ ಹೇಳಿದಳು. ನನ್ನನ್ನು ಸಹೋದರ ಅಂತ ಕರೆದದ್ದು."

ಬತ್ತಿ ಅವನಿಗಲ್ಲ, ಸತ್ತವನ ಅಣ್ಣನಿಗೆ ಮುಟ್ಟಿಸಲು ಕೊಟ್ಟದ್ದು. "ನನಗೆ ಕೊಡ್ತೀರಾ?" ಎಂದೆ.

"ಇಟ್ಕೊಳ್ಳಿ, ಇಟ್ಕೊಳ್ಳಿ. ನಿಮ್ಮಿಂದಲೇ ಅಲ್ವಾ ಇದೆಲ್ಲ."

ಅವನು ಹೋದ ಮೇಲೆ ಹೊಲಿಗೆಯಂತ್ರದ ಮೇಲೆ ಕೈ ಊರಿ ಕೂತೆ. ಏನು ಒಪ್ಪಿಕೊಂಡೆ ಎಂದೇ ತಿಳಿಯದವನಿಗೆ ಅವರು ಕ್ಷಮೆ ಕೊಟ್ಟು ಕಳಿಸಿದ್ದರು! ಅದು ಅವರ ಹತ್ತಿರ ಇದ್ದದ್ದಲ್ಲ ಕೊಡಲಿಕ್ಕೆ. ರಷ್ಯನ್ನಿನಲ್ಲಿ ಹೇಳಿದ್ದು ಸಾಲದು. ಸಿಪ್ರಿಯ ಮೇಲೆ ಹಾಕಿದ ಹೆಸರು ನಮ್ಮವರ ನಡುವೆ ಹಬ್ಬಿದ್ದು ನಮ್ಮ ಭಾಷೆಯಲ್ಲಿ. ಅದು ಇಳಿಯಬೇಕಾದರೆ ಕಜೆತಾನ್ ತಿಳಿದು, ನಮ್ಮವರ ಎದುರು, ನಮ್ಮ ಭಾಷೆಯಲ್ಲೇ ಹೇಳಬೇಕು.

ದಾರಿ ತೋರಿಸಿದವಳು ಎವ್ಲಿನ್. ಮಂಗಳವಾರ ಒಬ್ಬಳೇ ಬಂದಳು. ಆ ಕಂದು ಕಾಗದ ಅವಳ ಕೈಯಲ್ಲಿತ್ತು.

"ಪಾಸ್ಕಲ್ ಬಾವ್, ಇದರಲ್ಲಿ ಎಂತ ಉಂಟು? ಸತ್ಯ ಹೇಳಿ. ಅವರು ಇವರನ್ನು ನೋಡಿ ಅತ್ತದ್ದು ಹೌದು. ನನ್ನನ್ನು ನೋಡಿ ಅಯ್ಯೋ ಪಾಪ ಅಂತ ಮಾಡಿದರು. ಮುದುಕಿಯೊಬ್ಬಳು ನನ್ನ ಕೆನ್ನೆ ಹಿಡಿದು ತಲೆ ಅಲ್ಲಾಡಿಸಿದಳು. ಸ್ವಾಗತ ಮಾಡುವವರು ಹಾಗೆ ಮಾಡುವುದುಂಟಾ?"

ಒಂದೊಂದೇ ಸಾಲು ಹೇಳಿದೆ. ಆರನೆಯದಕ್ಕೆ ಬರುವಾಗ ಅವಳು ಬೆಂಚಿನ ಮೇಲೆ ಕೂತಿದ್ದಳು.

"ಸಿಪ್ರಿ ಊರಲ್ಲಿ ನಮ್ಮ ಅಪ್ಪನ ಮನೆಗೆ ಮರದ ಕೆಲಸ ಕೇಳ್ಲಿಕ್ಕೆ ಬಂದಿದ್ದ," ಎಂದಳು. "ನಮಗೆ ಮದುವೆ ನಿಶ್ಚಯ ಆದ ವರ್ಷ. ಅವನನ್ನು ಸೇರಿಸಬೇಡಿ, ಕೈ ಕಡಿದವ ಅಂತ ಇವರೇ ಇಲ್ಲಿಂದ ಫೋನು ಮಾಡಿ ಹೇಳಿದ್ದು. ಅಪ್ಪ ಗೇಟಿನಿಂದಲೇ ಕಳಿಸಿದರು. ನಾನು ಕಿಟಕಿಯಲ್ಲಿ ನಿಂತು ನಕ್ಕಿದ್ದೆ ಬಾವ್."

ಅವಳು ಕಾಗದ ಮುಂದೆ ಮಾಡಿದಳು. "ಪ್ರತಿ ಸಾಲಿನ ಕೆಳಗೆ ಕೊಂಕಣಿಯಲ್ಲಿ ಬರೆಯಿರಿ. ಶುಕ್ರವಾರ ಕೂಟಕ್ಕೆ ನೀವೂ ಬನ್ನಿ."

ಪೆನ್ಸಿಲಿನಲ್ಲಿ ಬರೆದುಕೊಟ್ಟೆ. ಅದಕ್ಕೆ ವಾರ ಬೇಕಾಗಲಿಲ್ಲ.

ನವೆಂಬರ್ ಒಂಬತ್ತು, ಸಂಜೆ ಐದು ಗಂಟೆ. ಅವರ ಮನೆಯ ಹಾಲಿನಲ್ಲಿ ಹೋಗಿ ಬಂದವರೂ ಹೋಗದವರೂ ಸೇರಿ ಇಪ್ಪತ್ತು ಮಂದಿ. ಕಜೆತಾನ್ ಪ್ರವಾಸದ ವಿಷಯ ಹೇಳಿ, ಕೊನೆಗೆ ಕಣ್ಣು ಮುಚ್ಚಿ ಎಂಟೂ ಸಾಲು ಬಾಯಿಪಾಠ ಹೇಳಿದ. ಕೂಟದ ಬೆಟ್ಟಿ ಮೊದಲು ಚಪ್ಪಾಳೆ ತಟ್ಟಿದಳು, ಎಲ್ಲರೂ ತಟ್ಟಿದರು. ಎವ್ಲಿನ್ ಎದ್ದು ಕಾಗದವನ್ನು ಅವನ ಕೈಗೆ ಕೊಟ್ಟಳು.

"ಈಗ ಕೆಳಗೆ ಪೆನ್ಸಿಲಿನಲ್ಲಿ ಉಂಟಲ್ಲ, ಅದನ್ನು ಓದಿ."

"ನನ್ನ ಹೆಸರು ಕಜೆತಾನ್," ಎಂದು ನಗುನಗುತ್ತ ಓದಿದ. "ಯಂತ್ರದ ಸ್ವಿಚ್ ಹಾಕಿದವನು..." ಅಲ್ಲಿಗೆ ನಿಂತ. ತಲೆ ಎತ್ತಿ ನನ್ನನ್ನು ಹುಡುಕಿದ. "ಇದು ಎಂತದು ಪಾಸ್ಕಲ್ ಬಾವ್?"

"ನೀವು ಇಗರ್ಜಿಯಲ್ಲಿ ಹೇಳಿದ್ದು."

"ನಾನು ಇದನ್ನು ಹೇಳಲಿಲ್ಲ!"

"ನಿಮ್ಮ ಬಾಯಿಂದಲೇ ಬಂತು. ದುಭಾಷಿ ನಾನು."

ಅವನ ಕೈಯಿಂದ ಎವ್ಲಿನ್ ಕಾಗದ ತೆಗೆದುಕೊಂಡು ಮೊದಲಿನಿಂದ ಓದಿದಳು. "ನನ್ನ ಹೆಸರು ಕಜೆತಾನ್. ಯಂತ್ರದ ಸ್ವಿಚ್ ಹಾಕಿದವನು ನಾನು. ಒಬ್ಬನ ಕೈ ಹೋಯಿತು. ಇನ್ನೊಬ್ಬ ಸತ್ಯ ಹೇಳಿದ, ನಾನು ಅವನಿಗೆ ದ್ರೋಹ ಮಾಡಿದೆ. ಅವನ ಅಣ್ಣ ಬಾಗಿಲಲ್ಲಿ ನಿಂತು ಸುಮ್ಮನಿದ್ದ. ಅವನು ಸತ್ತ. ತಪ್ಪು ನನ್ನದು. ಅವನ ಅಣ್ಣ ಇನ್ನೂ ಕಾಯುತ್ತಿದ್ದಾನೆ."

ಐದನೆಯ ಸಾಲಿಗೆ ಎಲ್ಲರೂ ನನ್ನ ಕಡೆ ತಿರುಗಿದ್ದರು. ತಿರುಗಲಿ. ಅದನ್ನೂ ಬರೆದವನು ನಾನೇ.

"ಹದಿನೇಳು ವರ್ಷದ ಹಿಂದಿನದ್ದು," ಎಂದ ಕಜೆತಾನ್. ಅವನ ದನಿ ಈಗ ಗಂಟಲಿಂದಲೂ ಬರುತ್ತಿರಲಿಲ್ಲ. "ಖಲಾಸ್ ಮಾಡುವ ಬಾವ್. ಅಲ್ಲಿ ಪಾದ್ರಿಯವರೇ ತಲೆಯ ಮೇಲೆ ಕೈ ಇಟ್ಟರಲ್ಲ."

"ಖಲಾಸ್ ಮಾಡುವ. ಸ್ವಿಚ್ ಹಾಕಿದ್ದು ಯಾರು?"

ಇಪ್ಪತ್ತು ಮಂದಿ ಕಾದರು. ಅಡುಗೆಮನೆಯಲ್ಲಿ ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿದ ಸದ್ದಾಯಿತು, ಯಾರೂ ಏಳಲಿಲ್ಲ. ಕಜೆತಾನ್ ಹೆಂಡತಿಯನ್ನು ನೋಡಿದ. ಅವಳು ಕಾಗದ ಮಡಚುತ್ತಿದ್ದಳು.

"ಹಾಂವೆಂ," ಎಂದ. ನಾನು.

"ಇನ್ನೊಮ್ಮೆ," ಎಂದೆ.

ಇನ್ನೊಮ್ಮೆ ಹೇಳಿದ.

ನನಗೆ ಅಯ್ಯೋ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸಿಲ್ಲ. ಆ ಹಳದಿ ಬತ್ತಿಯನ್ನು ರಜೆಯಲ್ಲಿ ಊರಿಗೆ ಹೊರಟ ಜೂಡಿತ್ ಬಾಯಿಯ ಕೈಯಲ್ಲಿ ಕಳಿಸಿದೆ, ಮಲ್ಪೆಯ ಕಡಲ ಬದಿಯಲ್ಲಿ ಹಚ್ಚಲಿಕ್ಕೆ. ಗಾಳಿಗೆ ನಿಲ್ಲಲಿಲ್ಲ, ಮೂರು ಸಲ ಹಚ್ಚಿದೆ ಎಂದು ಫೋನು ಮಾಡಿ ಹೇಳಿದಳು. ಕೂಟಕ್ಕೆ ಈಗ ಬೆಟ್ಟಿ ಮುಖ್ಯಸ್ಥೆ. ರಷ್ಯಾಕ್ಕೆಂದು ಅಸ್ತರು ಹಾಕಿಕೊಟ್ಟ ಕಜೆತಾನನ ಕೋಟನ್ನು ಎವ್ಲಿನ್ ತಂದು ನನ್ನ ಅಂಗಡಿಯ ಮೊಳೆಗೆ ತೂಗು ಹಾಕಿದಳು. ಅವಳು ಮಾತ್ರ ದುಬೈ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಕಜೆತಾನ್ ಕೆಲಸ ಬಿಟ್ಟು, ವೀಸಾ ರದ್ದು ಮಾಡಿಸಿ, ನವೆಂಬರ್ ಇಪ್ಪತ್ತಮೂರು, ಶುಕ್ರವಾರ, ಮಂಗಳೂರಿನ ವಿಮಾನಕ್ಕೆ ಒಬ್ಬನೇ ಹೋದ.