ಅರವತ್ತೆರಡನೆಯ ಮೆಟ್ಟಿಲು

ಅರವತ್ತೆರಡನೆಯ ಮೆಟ್ಟಿಲಲ್ಲಿ ಅವನ ಕಾಲುಗಳು ಮುಷ್ಕರ ಹೂಡಿದವು. ಮೇಲೆ ಹೋಗಲಾರ, ಕೆಳಗೆ ನೋಡಲಾರ. ಗೋಡೆಗೆ ಬೆನ್ನು ಹಚ್ಚಿ ಕುಳಿತುಬಿಟ್ಟ.

ಕಡಲ ದೀಪಸ್ತಂಭಗಳ ಬಗ್ಗೆ ನಾನೂರು ಪುಟದ ಪುಸ್ತಕ ಬರೆದ ವಿದ್ವಾಂಸ, ಒಂದನ್ನೂ ಹತ್ತಿದವನಲ್ಲ. ಹತ್ತೊಂಬತ್ತು ಸ್ತಂಭಗಳ ಬುಡದಲ್ಲಿ ಕುರ್ಚಿ ಹಾಕಿಸಿಕೊಂಡು 'ಖುದ್ದು ನೋಡಿದ್ದೇನೆ' ಎಂದು ತಪಾಸಣೆ ವರದಿಗೆ ಸಹಿ ಜಡಿದಿದ್ದ. ಗುಟ್ಟು ಹೆಂಡತಿಗೆ ಮಾತ್ರ ಗೊತ್ತು. "ಸ್ಟೂಲ್ ಹತ್ತಿ ಬಲ್ಬ್ ಹಾಕೋಕಾಗಲ್ಲ, ದೀಪಸ್ತಂಭದ ಪಂಡಿತರು!" ಎಂದು ಬೆಳಿಗ್ಗೆಯೂ ನಕ್ಕಿದ್ದಳು. ಅವಳಿಗಿಂತ ಜೋರಾಗಿ ಅವನೇ ನಕ್ಕಿದ್ದ.

ಇಲ್ಲಿನ ಮುದಿ ಕಾವಲುಗಾರ ಕುರ್ಚಿಯನ್ನೇ ಕೊಡಲಿಲ್ಲ. ದೀಪ ಆರಿ ಹದಿನೈದು ವರ್ಷವಾದರೂ ದಿನಾ ಹತ್ತಿ ದೀಪದ ಗಾಜಿನ ಮಸೂರ ಒರೆಸುವವನು. "ಬನ್ನಿ ಸಾರ್, ನೋಡಿ" ಎಂದು ಕೈಹಿಡಿದು ಹೊರಡಿಸಿಬಿಟ್ಟ.

ವಿದ್ವಾಂಸನ ವರದಿಯ ಮೇಲೆ ನಾಳೆಯೊಳಗೆ ಪಾರಂಪರಿಕ ಸ್ಥಾನ ಸಿಗದಿದ್ದರೆ ಬಂದರಿನವರು ಸ್ತಂಭವನ್ನು ಕೆಡವುತ್ತಾರೆ. ಬಾಗಿಲು, ಕಿಟಕಿ, ಗಾರೆ ಎಲ್ಲ ಬದಲಾಗಿವೆ. ನೂರಾ ಹತ್ತು ವರ್ಷದಿಂದ ಕದಲದೆ ಕೂತ, ಹನ್ನೆರಡು ಹೋಳುಗಳ ಮಸೂರವೊಂದೇ ಗತಿ. ಮಸೂರ ಕದಲಿಸಿದ್ದರೆ ಅರ್ಜಿ ವಜಾ. ಆ ನಿಯಮ ಬರೆದ ಮಹಾನುಭಾವನೂ ಅವನೇ.

"ಇನ್ನು ಮೂವತ್ತೇ ಮೆಟ್ಲು ಸಾರ್. ಸುಸ್ತಾಯ್ತಾ?" ಮೇಲಿನಿಂದ ಮುದುಕನ ದನಿ.

"ಮಂಡಿ ನೋವು."

"ನೋಡ್ದೆ ಹೇಗೆ ಬರೀತೀರಿ?"

"ಅದೇ ಯೋಚನೆ ಮಾಡ್ತಿದೀನಿ." ಸುಳ್ಳು ಹೇಳುವಾಗ ಅವನ ದನಿಗೆ ವಿಶೇಷ ಗಾಂಭೀರ್ಯ ಬರುತ್ತಿತ್ತು.

"ಇಷ್ಟೇನಾ! ನೀವು ಕೂತ್ಕೊಂಡಿರಿ."

ಸ್ವಲ್ಪ ಹೊತ್ತಿಗೆ ಮುದುಕ ಇಳಿದು ಬಂದ. ಎದೆಗವಚಿದ್ದ ಬಟ್ಟೆಯ ಗಂಟನ್ನು ಅವನ ತೊಡೆಯ ಮೇಲಿಟ್ಟು ಬಿಚ್ಚಿದ. ದಪ್ಪ ಗಾಜಿನ ಹೋಳು. ಒಂದು ಗೀರೂ ಇಲ್ಲ.

"ಮಸೂರಾನೇ ಸಾರ್. ನಮ್ಮಪ್ಪನ ಕಾಲದಲ್ಲೂ ಯಾರೂ ಬಿಚ್ಚಿರ್ಲಿಲ್ಲ. ನಿಮಗೋಸ್ಕರ ಬಿಚ್ಚಿದೆ." ಮುದುಕನ ಮುಖ ಹಿಗ್ಗಿತ್ತು. "ಇನ್ನೂ ಹನ್ನೊಂದಿವೆ. ಒಂದೊಂದಾಗಿ ತರ್ತೀನಿ."

ಮುದುಕ ಮತ್ತೆ ಹತ್ತತೊಡಗಿದ.

ಒಂದೇ ಹೋಳಾದರೆ ಮರಳಿ ಕೂರಿಸಿ ಕಣ್ಣು ಮುಚ್ಚಿಕೊಳ್ಳಬಹುದು. 'ಬೇಡ' ಎಂದು ಕೂಗಬೇಕು, ಈಗಲೇ. ಆದರೆ ಬೇಡವೆಂದರೆ ತಾನೇ ಹತ್ತಬೇಕು. ಇಲ್ಲವೇ, ಹತ್ತಲು ಭಯ ಎಂದು ಬಾಯಿಬಿಡಬೇಕು. ತನ್ನ ಬಗ್ಗೆ ಅಸಹ್ಯವಾಯಿತು. ಎಂದಿನಂತೆ ನಕ್ಕುಬಿಡೋಣವೆಂದರೆ ನಗು ಬರಲಿಲ್ಲ.

"ಸ್ವಲ್ಪ..." ಎಂದ.

"ಏನ್ ಸಾರ್?"

"ಏನಿಲ್ಲ. ಹುಷಾರು."

ಮೇಲೆ ತುಕ್ಕು ಹಿಡಿದ ಸ್ಕ್ರೂ ಕಿರ್ರೆಂದು ತಿರುಗಿತು. ಅವನು ಗಾಜನ್ನು ಎರಡೂ ಕೈಯಿಂದ ತಬ್ಬಿ ಹಿಡಿದಿದ್ದ. ಮುದುಕನ ಕೈಜಾರಿದ ಸ್ಕ್ರೂ ಮೆಟ್ಟಿಲಿಂದ ಮೆಟ್ಟಿಲಿಗೆ ಟಣ್ ಟಣ್ ಎಂದು ಕುಪ್ಪಳಿಸುತ್ತ ಬಂತು, ಅವನ ಬೂಟಿಗೆ ತಾಗಿ ಒಂದು ಕ್ಷಣ ನಿಂತಿತು, ಮತ್ತೆ ಉರುಳಿ ಕೆಳಗಿನ ಕತ್ತಲಿಗೆ ಇಳಿಯುತ್ತ ಹೋಯಿತು.