ಹಿಂದಿನ ಗಾಜು ಮಾತ್ರ ಹೊಸದು

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಗಾಡಿಯಿಂದ ಶುರು ಮಾಡಿದರೆ ಗಂಡಸರು ಮಾತ್ರ ಓದಿ, ಮೈಲೇಜ್ ಎಷ್ಟು ಕೊಡುತ್ತೆ ಅಂತ ಕೇಳುತ್ತಾರೆ. ಸಾಲದಿಂದ ಶುರು ಮಾಡಿದರೆ ಯಾರೂ ಓದುವುದಿಲ್ಲ. ಅದು ಎಲ್ಲರ ಮನೆಯಲ್ಲೂ ಇದೆ, ಕಥೆಯಲ್ಲೂ ಯಾಕೆ ಬೇಕು? ಹಾಗಾಗಿ ಮಗಳ ಜಡೆಯಿಂದ ಶುರು ಮಾಡುತ್ತೇನೆ.

ಇವತ್ತು ಬೆಳಿಗ್ಗೆ. ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯದು ಮೂರು ಎಳೆಯಾಗಿ ನನ್ನ ಬೆರಳುಗಳ ನಡುವೆ ಇತ್ತು, ರಿಬ್ಬನ್ ಹಲ್ಲಿನ ನಡುವೆ. ಆಗ ಫೋನ್ ಬಡಿದುಕೊಂಡಿತು. ರಿಬ್ಬನ್ ಕಚ್ಚಿಕೊಂಡೇ "ಹ್ಞೂಂ" ಅಂದೆ.

"ಅಕ್ಕಾ, ನಾನು. ಸಂಜೆ ಬರ್ತೀನಿ ಅಂದಿದ್ದೆ ಅಲ್ವಾ, ಈಗ್ಲೇ ಬಂದ್ಬಿಡ್ತೀನಿ. ಒಂದು ಹೋಟೆಲ್‌ನೋರು ಇವತ್ತೇ ಪರದೆ ಕೇಳ್ತಿದಾರೆ. ಗಾಡಿ ಸಿಕ್ರೆ ಅದ್ರಲ್ಲೇ ಹಾಕ್ಕೊಂಡು ಹೋಗ್ತೀನಿ. ದುಡ್ಡೂ ತಂದಿದೀನಿ. ಆಗ್ಲೇ ಅರ್ಧ ದಾರೀಲಿದೀನಿ!"

ಎಳೆಗಳು ಬಿಚ್ಚಿಕೊಂಡವು.

(ಇಲ್ಲಿಗೆ ಓದುಗರಿಗೆ ಏನೋ ಆಗಲಿದೆ ಅನ್ನಿಸಬೇಕು. ಅನ್ನಿಸದಿದ್ದರೆ ಇನ್ನೊಮ್ಮೆ ಓದಿ. ಅಷ್ಟರಲ್ಲಿ ನಾನು ಹಾಲು ಇಳಿಸಿ ಬರುತ್ತೇನೆ.)

2

ಹಾಲು ಉಕ್ಕಿಬಿಟ್ಟಿತ್ತು. ಒಲೆ ಒರೆಸುತ್ತಾ ಪಾತ್ರಗಳ ಪರಿಚಯ ಮಾಡಿಕೊಡುತ್ತೇನೆ, ಕೈ ಖಾಲಿಯಿಲ್ಲ, ಕ್ಷಮಿಸಿ.

ಫೋನ್ ಮಾಡಿದವರು ಪರದೆ ಹೊಲಿಯುವವರು. ಕುತ್ತಿಗೆಯಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿರುತ್ತದೆ. ಮೊದಲ ಸಲ ಗಾಡಿ ನೋಡಲು ಬಂದು ಹೋದ ಮೇಲೆ ನನ್ನ ಮಗಳು ಅವರಿಗೆ ಟೇಪಮ್ಮ ಅಂತ ಹೆಸರಿಟ್ಟಳು. ನಾನೂ ಹಾಗೇ ಕರೆಯುತ್ತೇನೆ, ಕಥೆಯಲ್ಲಿ ಮಾತ್ರ.

ನನ್ನ ಗಂಡ ಕಿಟಕಿಗಳಿಗೆ ಗಾಜು ಕೂರಿಸುವವರು. ಗಾಜು ಸಾಗಿಸಲೆಂದೇ ಸಾಲ ಮಾಡಿ ಒಂದು ವ್ಯಾನ್ ಕೊಂಡರು. ಆಮೇಲೆ ಬಲಗೈ ಮಣಿಕಟ್ಟು ಕೈಕೊಟ್ಟಿತು. ದೊಡ್ಡ ಗಾಜು ಎತ್ತಿ ಮಹಡಿ ಹತ್ತುವುದು ಇನ್ನು ಆಗದ ಮಾತು. ಈಗ ಇವರ ಆಸೆ ಒಂದೇ: ವ್ಯಾನ್ ಮಾರುವುದು, ಒಂದು ಪುಟ್ಟ ಅಂಗಡಿ ಹಿಡಿಯುವುದು, ಅಲ್ಲಿ ಕೂತು ಕನ್ನಡಿ, ಫೋಟೊಗೆ ಗಾಜು ಕತ್ತರಿಸುವುದು.

ತೊಂದರೆ ಏನೆಂದರೆ ವ್ಯಾನಿನ ಸಾಲ ಇನ್ನೂ ತೀರಿಲ್ಲ. ತೀರುವ ತನಕ ಗಾಡಿ ಓಡಿಸುವುದು ನಾವಾದರೂ ಅದರ ಮೇಲಿನ ಹಕ್ಕು ಬ್ಯಾಂಕಿನದು. ಇದು ಟೇಪಮ್ಮನಿಗೆ ಗೊತ್ತಿಲ್ಲ. ಅವರು ಕೇಳಿದಾಗ ಇವರು, "ಪೇಪರ್ ಎಲ್ಲಾ ಕ್ಲೀನ್ ಅಕ್ಕಾ, ವರ್ಗಾವಣೆ ಆಮೇಲೆ ಮಾಡಿಕೊಡ್ತೀನಿ" ಅಂದುಬಿಟ್ಟಿದ್ದಾರೆ.

ಕಥೆ ಇಷ್ಟೇ. ಹೇಳಿದರೆ ವ್ಯಾಪಾರ ಮುರಿಯಬಹುದು. ಹೇಳದಿದ್ದರೆ, ನಾವು ಕಂತು ತಪ್ಪಿಸಿದ ಯಾವುದೋ ಒಂದು ದಿನ, ಬ್ಯಾಂಕಿನ ಕಡೆಯವರು ನಡುರಸ್ತೆಯಲ್ಲಿ ಟೇಪಮ್ಮನ ಕೈಯಿಂದ ಕೀ ಇಸಿದುಕೊಳ್ಳುತ್ತಾರೆ. ಒಳಗೆ ಹೋಟೆಲಿನ ಪರದೆಗಳಿದ್ದರೂ ಸರಿ, ಇಲ್ಲದಿದ್ದರೂ ಸರಿ.

"ಅವರು ಈಗ್ಲೇ ಬರ್ತಿದಾರಂತೆ. ಹೇಳ್ಬಿಡೋಣ ರೀ," ಅಂದೆ.

ಇವರು ಗಡ್ಡಕ್ಕೆ ಸೋಪು ಹಚ್ಚಿಕೊಂಡಿದ್ದರು. "ಹೇಳಿದ್ರೆ ಓಡಿಹೋಗ್ತಾರೆ ಕಣೇ. ಸಾಲ ಅಂದ್ರೆ ಜನ ಹಾವು ತುಳಿದೋರ ಥರ ಹಾರ್ತಾರೆ."

"ನಾವೂ ಅವರೂ ಒಟ್ಟಿಗೇ ಬ್ಯಾಂಕಿಗೆ ಹೋದ್ರಾಯ್ತು. ಬಾಕಿ ಸಾಲಾನ ಅವರು ನೇರ ಅಲ್ಲೇ ಕಟ್ಲಿ, ಮಿಕ್ಕಿದ್ದು ನಮಗೆ ಕೊಡ್ಲಿ. ಸಾಲ ತೀರಿದೆ ಅಂತ ಬ್ಯಾಂಕಿನೋರು ಪತ್ರ ಕೊಡ್ತಾರೆ, ಗಾಡಿ ಅವರ ಹೆಸರಿಗೆ ಆಗತ್ತೆ."

"ಮಿಕ್ಕೋದೇನು, ಬೋರ್ಡ್ ಬರೆಸಕ್ಕೂ ಸಾಲಲ್ಲ. ಅಂಗಡಿ ಬಾಡಿಗೆ ನಿಮ್ಮಪ್ಪ ಕೊಡ್ತಾರಾ?"

"ನಮ್ಮಪ್ಪನ್ನ ಯಾಕೆ ಎಳೀತೀರಿ? ಪಾಪ, ಅವರು ಈ ಕಥೇಲೇ ಇಲ್ಲ."

"ಕಂತು ನಾನೇ ಕಟ್ತಾ ಹೋಗ್ತೀನಲ್ಲೇ. ಒಂದೂ ತಪ್ಪಿಸಲ್ಲ. ಅವರಿಗೆ ಗೊತ್ತೇ ಆಗಲ್ಲ."

(ಇವರು ಈ ಮಾತನ್ನು ಮನಸಾರೆ ಹೇಳಿದರು. ತಾಪತ್ರಯ ಇರುವುದೇ ಅಲ್ಲಿ. ಕಳ್ಳನಾಗಿದ್ದರೆ ಬರೆಯುವುದು ಎಷ್ಟು ಸುಲಭವಿತ್ತು! ಮೀಸೆ ತಿರುವಿಸಿ, ಕಣ್ಣು ಕೆಂಪು ಮಾಡಿಸಿ ಮುಗಿಸುತ್ತಿದ್ದೆ. ಇವರೋ ಅರ್ಧ ಗಡ್ಡ ಕೆರೆದುಕೊಂಡು, ಮಣಿಕಟ್ಟು ನೋಯುತ್ತದೆಂದು ಎಡಗೈಯಲ್ಲಿ ರೇಜರ್ ಹಿಡಿದು ನಿಂತಿದ್ದಾರೆ.)

2, ಮತ್ತೊಮ್ಮೆ

ಮೊದಲ ಡ್ರಾಫ್ಟಿನಲ್ಲಿ ಗಂಡನನ್ನು ಬಡಗಿ ಮಾಡಿದ್ದೆ. ಯಾರಿಗೂ ಗುರುತು ಸಿಗಬಾರದಲ್ಲ. ಬಡಗಿ ಗಾಡಿ ಮಾರಲು ಹೊರಟ, ಗಿರಾಕಿ ಸಿಕ್ಕಿದರು, ಎಲ್ಲಾ ಸಲೀಸಾಗಿ ಸಾಗುತ್ತಿತ್ತು. ಆದರೆ ಕಥೆ ಒಂದು ಸ್ಟಿಕರ್ ಹತ್ತಿರ ಬಂದು ಕಾಲು ಚಾಚಿ ಕೂತುಬಿಟ್ಟಿತು.

ವ್ಯಾನಿನ ಹಿಂದಿನ ಗಾಜಿನ ತುಂಬ ಸಾಲ ಕೊಟ್ಟವರ ಹೆಸರಿನ ದೊಡ್ಡ ಸ್ಟಿಕರ್ ಇತ್ತು. ಗಾಡಿ ಮಾರಲು ನಿಂತವರು ಯಾರೇ ಆಗಲಿ ಬಿಸಿನೀರು ಹಾಕಿ, ಬ್ಲೇಡಿನಲ್ಲಿ ಕೆರೆದು ತೆಗೆಯುತ್ತಾರೆ. ಇವರೂ ಕೆರೆದರು. ಸ್ಟಿಕರ್ ಹೋಯಿತು, ಅಕ್ಷರಗಳ ನೆರಳು ಮಾತ್ರ ಗಾಜಿನ ಮೇಲೆ ಹಾಗೇ ಉಳಿಯಿತು. ಬಿಸಿಲು ಬಿದ್ದರೆ ಓದಬಹುದಿತ್ತು. ಬಡಗಿಯಾಗಿದ್ದರೆ ಅದರ ಮೇಲೆ ಇನ್ನೊಂದು ಸ್ಟಿಕರ್ ಅಂಟಿಸಿ ಕೈತೊಳೆದುಕೊಳ್ಳುತ್ತಿದ್ದ. ಹುಲಿಯದ್ದೋ ಹದ್ದಿನದ್ದೋ. ಗಾಜಿನವರು ಏನು ಮಾಡಿದರು? ಗಾಜನ್ನೇ ಬದಲಾಯಿಸಿದರು.

ಪರಿಚಯದ ಅಂಗಡಿಯಿಂದ ಅದೇ ಗಾಡಿಯ ಹೊಸ ಗಾಜು ತಂದರು. ನಾನು ಒಂದು ಕಡೆ ಹಿಡಿದೆ, ಇವರು ಇನ್ನೊಂದು ಕಡೆ. ಸುತ್ತಲಿನ ರಬ್ಬರ್ ಸುಲಭವಾಗಿ ಜಾರಿ ಕೂರಲಿ ಎಂದು ಮಗಳು ಪುಟ್ಟ ಬ್ರಶ್ಶಿನಲ್ಲಿ ಸೋಪಿನ ನೀರು ಸವರಿದಳು. "ಭೇಷ್, ನಂಗಿಂತ ಚೆನ್ನಾಗಿ ಹಚ್ತೀಯ," ಅಂದರು ಇವರು. ಅವಳು ದಿನವಿಡೀ ಹಿಗ್ಗಿ ಹೀರೇಕಾಯಿಯಾಗಿದ್ದಳು.

ಈಗ ನೋಡಿ: ಮೈಯೆಲ್ಲ ಗೀರು, ಬಾಗಿಲಿಗೆ ತುಕ್ಕು, ಹಿಂದೆ ಮಾತ್ರ ಥಳಥಳ. ಹಣ್ಣು ಮುದುಕರ ಬಾಯಲ್ಲಿ ಹೊಸ ಹಲ್ಲಿನ ಸೆಟ್ಟು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮವರು ಯಾರೂ ಏನೂ ಅನ್ನುವ ಮೊದಲೇ ಹೆಗಲಿಗೆ ಗಾಜು ಕೂರಿಸಿಕೊಂಡರು.

ಈ ತಪ್ಪು ಬಡಗಿಯ ಕೈಯಿಂದ ಆಗುವುದಿಲ್ಲ. ಹಾಗಾಗಿ ಆ ಡ್ರಾಫ್ಟ್ ಬಿಟ್ಟೆ. (ಹರಿದು ಬಿಸಾಡಿದೆ ಅಂತ ಬರೆದರೆ ಚೆನ್ನಾಗಿರುತ್ತದೆ. ನಿಜವೆಂದರೆ ಆ ಹಾಳೆಗಳಲ್ಲಿ ತರಕಾರಿ ಸಿಪ್ಪೆ ಸುತ್ತಿ ಎಸೆದೆ.)

4

ಮೂರು ಎಲ್ಲಿ ಅಂತ ಕೇಳಬೇಡಿ. ಮೂರರಲ್ಲಿ ಮಗಳು ಮಾತಾಡುತ್ತಿದ್ದಳು. ತೆಗೆದೆ.

ಒಪ್ಪಿಕೊಳ್ಳುತ್ತೇನೆ, ನಾನು ಬೇಕೆಂದೇ ಅವಳನ್ನು ಈ ಕಥೆಯಿಂದ ಆಚೆಗಿಡುತ್ತಿದ್ದೇನೆ. ಒಂದು ಡ್ರಾಫ್ಟಿನಲ್ಲಿ ಅವಳಿಗೆ ಜ್ವರ ಬರಿಸಿದೆ. ಇನ್ನೊಂದರಲ್ಲಿ ಶಾಲೆಯಿಂದ ಪ್ರವಾಸಕ್ಕೆ ಕಳಿಸಿದೆ. ಮತ್ತೊಂದರಲ್ಲಿ ಆ ದಂಪತಿಗೆ ಮಕ್ಕಳೇ ಇಲ್ಲ ಅಂತ ಬರೆದೆ. ಬರೆದವಳೇ ಎದ್ದು ಒಳಗೆ ಹೋಗಿ, ಮಲಗಿದ್ದವಳ ಪಾದ ಮುಟ್ಟಿ ನೋಡಿ ಬಂದೆ.

ಯಾಕೆಂದರೆ ಗಾಜು ಬದಲಾಯಿಸಿದ ದಿನದಿಂದ ಅವಳ ಬಾಯಲ್ಲಿ ಒಂದು ಪ್ರಶ್ನೆ ಇದೆ. ಊಟಕ್ಕೆ ಕೂತಾಗ ತುದಿನಾಲಗೆಗೆ ಬರುತ್ತದೆ.

"ಅಮ್ಮಾ..."

"ಏನು ಪುಟ್ಟಿ?"

"ಏನಿಲ್ಲ."

ನಾನು ಒಳ್ಳೆಯ ತಾಯಿ ಅಂತ ಅಕ್ಕಪಕ್ಕದವರೆಲ್ಲ ಹೇಳುತ್ತಾರೆ. ಒಳ್ಳೆಯ ತಾಯಿ "ಪರವಾಗಿಲ್ಲ ಕೇಳು ಚಿನ್ನ" ಅನ್ನಬೇಕಿತ್ತು. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದೆ.

ಈಗಲೂ ಒಂದೇ ಜಡೆಯಲ್ಲಿ ಬಾಗಿಲಿಗೆ ಒರಗಿ ನಿಂತಿದ್ದಾಳೆ.

"ಅಮ್ಮಾ, ಇನ್ನೊಂದು?"

"ಪಕ್ಕದ ಮನೆ ಅಜ್ಜಿ ಹತ್ರ ಹಾಕಿಸ್ಕೋ ಹೋಗು ಬಂಗಾರ. ಅಲ್ಲೇ ಸ್ವಲ್ಪ ಹೊತ್ತು ಇರು."

"ಅಜ್ಜಿಗೆ ಕಣ್ಣು ಕಾಣಲ್ಲಮ್ಮ. ಹೋದ್ಸಲ ರಿಬ್ಬನ್ ಜೊತೆ ಕಿವೀನೂ ಕಟ್ಟಿದ್ರು."

ನಗು ಬಂತು. ನಕ್ಕರೆ ಅವಳು ಕಥೆಯೊಳಗೆ ಬಂದುಬಿಡುತ್ತಾಳೆ. ನಕ್ಕೆ.

5

ಟೇಪಮ್ಮ ಬಂದರು. ಇನ್ನು ಮೇಲೆ ನಾನು ಕೈಯಲ್ಲಿ ಬರೆಯುತ್ತಿಲ್ಲ. ಕಾಫಿ ಲೋಟಗಳ ತಟ್ಟೆ ಹಿಡಿದು ಅಂಗಳದಲ್ಲಿ ನಿಂತು ತಲೆಯಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಆಮೇಲೆ ಎಡಿಟ್ ಮಾಡೋಣ.

ಅವರು ಎಂಜಿನ್ ನೋಡಲಿಲ್ಲ. ಚಪ್ಪಲಿ ಕಳಚಿ ವ್ಯಾನಿನ ಒಳಗೆ ಹತ್ತಿ, ಕುತ್ತಿಗೆಯ ಟೇಪು ಎಳೆದು ಉದ್ದ ಅಳೆದರು, ಮೂಲೆಯಿಂದ ಮೂಲೆಗೆ ಅಳೆದರು.

"ಪರದೆ ರಾಡು ಉದ್ದುದ್ದಕ್ಕೆ ಹಿಡ್ಸತ್ತೆ!" ಒಳಗಿಂದಲೇ ಕೂಗಿದರು. "ಅಕ್ಕಾ, ನಿಮಗೆ ಗೊತ್ತಿಲ್ಲ, ಇಷ್ಟು ವರ್ಷ ಬಸ್ಸಲ್ಲಿ ರಾಡು ಹೊತ್ಕೊಂಡು ಓಡಾಡಿದೀನಿ. ಕಂಡಕ್ಟರ್ ಅಂತೂ, 'ತಾಯಿ, ಅದಕ್ಕೂ ಒಂದು ಟಿಕೆಟ್ ತಗೊಳ್ಳಿ, ಸೀಟ್ ಮೇಲೆ ಕೂರ್ಸೋಣ' ಅಂತಿದ್ದ. ನೋಡಿ ಇಲ್ಲಿ," ಅಂದು ಇಳಿದು ಬಂದು ಭುಜ ತೋರಿಸಿದರು. ರವಿಕೆಯ ಅಂಚಿನಲ್ಲಿ ಚರ್ಮ ಗಂಟುಕಟ್ಟಿತ್ತು.

ನಾನು ಕಾಫಿ ಕೊಟ್ಟೆ. ಕೊಡಲು ನನ್ನ ಹತ್ತಿರ ಬೇರೇನಿತ್ತು?

ಅವರು ಕಾಫಿ ಹೀರುತ್ತಾ ಗಾಡಿಯ ಹಿಂದಕ್ಕೆ ನಡೆದರು. ನಿಂತರು. ಗಾಜಿನಲ್ಲಿ ಅವರ ಮುಖ, ಅವರ ಹಿಂದೆ ಇವರ ಮುಖ, ಇಬ್ಬರ ಹಿಂದೆ ತಟ್ಟೆ ಹಿಡಿದ ನಾನು. (ಇಂಥ ಕಡೆ ಗಾಜನ್ನು ಕನ್ನಡಿಗೆ ಹೋಲಿಸಿ ಒಂದು ಪ್ಯಾರಾ ಬರೆಯುವ ಅವಕಾಶವಿದೆ. ಬಿಟ್ಟುಕೊಡುತ್ತೇನೆ.)

"ಇದೊಂದು ಮಾತ್ರ ಯಾಕೆ ಹೊಸದು?"

ಇವರು ಮುಂದೆ ಬಂದರು. "ಬದಲಾಯ್ಸಿದೆ ಅಕ್ಕಾ."

"ಅದೇ, ಯಾಕೆ? ಹಿಂದ್ಗಡೆಯಿಂದ ಯಾವ್ದಾದ್ರೂ ಗಾಡಿ ಗುದ್ದಿತ್ತಾ?"

"ಏ, ಇಲ್ಲ ಅಕ್ಕಾ! ಈ ಗಾಡಿಗೆ ಅಪಘಾತ ಗಿಪಘಾತ ಏನೂ ಆಗಿಲ್ಲ. ನಾನು ಹೇಗೆ ಓಡಿಸ್ತೀನಿ ಅಂತ ಬೀದಿಯೋರ್ನ ಕೇಳಿ!"

ಇವರಿಗೆ ನಿಜವಾಗಿಯೂ ಅವಮಾನವಾಗಿತ್ತು. ಸುಳ್ಳು ಹೇಳಿದ್ದಕ್ಕೆ ತಗ್ಗದ ತಲೆ, ಗಾಡಿ ಗುದ್ದಿತ್ತಾ ಅಂದಿದ್ದಕ್ಕೆ ಬಿಸಿಯಾಯಿತು.

"ಮತ್ತೆ?"

"ಕಲ್ಲು."

"ಕಲ್ಲಾ? ಹಿಂದಿನ ಗಾಜಿಗಾ?"

"ಹುಡುಗ್ರು ಆಟ ಆಡ್ತಾ... ನಿಲ್ಸಿತ್ತು ಗಾಡಿ. ಬಿತ್ತು."

ಟೇಪಮ್ಮ ಒಂದು ಗಳಿಗೆ ಇವರನ್ನೇ ನೋಡಿದರು. ಆಮೇಲೆ ಜೋರಾಗಿ ನಕ್ಕರು. "ಅಯ್ಯೋ, ಕಲ್ಲು ಬಿದ್ರೆ ಗಾಜಿನೋರಿಗೆ ಲಾಭ ತಾನೇ! ನೀವೇ ಎಸೆದಿರ್ತೀರ!" ಅಂದು, ಬಗಲಲ್ಲಿದ್ದ ಬಟ್ಟೆಯ ಚೀಲವನ್ನು ಮುಂದಕ್ಕೆ ತಂದುಕೊಂಡು ಅದರ ಗಂಟಿಗೆ ಕೈಹಾಕಿದರು.

6

ನಿಲ್ಲಿ. ಎಲ್ಲರೂ ಇದ್ದಲ್ಲೇ ನಿಲ್ಲಿ. ನಾನು ಬರೆಯುವವಳು, ಇಷ್ಟಾದರೂ ಅಧಿಕಾರ ಬೇಡವೇ?

ಮುಕ್ತಾಯ ಅ: ನಾನು ಬಾಯಿ ಬಿಡುತ್ತೇನೆ. ಟೇಪಮ್ಮ ಗಂಟು ಮತ್ತೆ ಬಿಗಿದು, ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ. ಇವರು ನನ್ನೊಡನೆ ಮಾತು ಬಿಡುತ್ತಾರೆ. ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಮತ್ತೆ ಗಾಜು ಹೊರಲು ಹೋಗುತ್ತಾರೆ. ನಾನು ಸತ್ಯವಂತೆಯಾಗಿ ಪಾತ್ರೆ ತೊಳೆಯುತ್ತೇನೆ.

ಮುಕ್ತಾಯ ಆ: ಯಾರೂ ಏನೂ ಹೇಳುವುದಿಲ್ಲ. ಇವರು ಅಂಗಡಿ ಹಾಕುತ್ತಾರೆ, ಕಂತು ಕಟ್ಟುತ್ತಾರೆ, ಕಟ್ಟುತ್ತಲೇ ಹೋಗುತ್ತಾರೆ. ಎಲ್ಲರಿಗೂ ಒಳ್ಳೆಯದಾಗುತ್ತದೆ. ನಾನು ಮಾತ್ರ ಬೀದಿಯಲ್ಲಿ ವ್ಯಾನಿನ ಸದ್ದು ಕೇಳಿದಾಗಲೆಲ್ಲ ಅಡುಗೆಮನೆಯ ದೀಪ ಆರಿಸುತ್ತೇನೆ.

ಮುಕ್ತಾಯ ಇ: ಮಳೆ. ನಡುರಸ್ತೆ. ಇಬ್ಬರು ಗಂಡಸರು ಕೀ ಕೇಳುತ್ತಾರೆ. ಟೇಪಮ್ಮ ಪರದೆಗಳನ್ನು ಒದ್ದೆ ಫುಟ್‌ಪಾತಿನ ಮೇಲೆ ಇಳಿಸಿಕೊಂಡು... ಇದನ್ನು ಮುಂದೆ ಬರೆಯಲಾರೆ.

"ಮೂರರಲ್ಲಿ ಒಂದ್ರಲ್ಲಾದ್ರೂ ನಂಗೆ ಮಾನವಾಗಿ ಅಂಗಡಿ ಹಾಕಿಸ್ಬಾರ್ದಾ?" ಅಂದರು ಇವರು, ನಿಂತಲ್ಲಿಂದಲೇ. "ಕಟ್ಕೊಂಡ ಗಂಡ ನಾನು. ಪಾತ್ರದ ಥರ ನೋಡ್ತೀಯಲ್ಲೇ."

"ಸತ್ಯ ಹೇಳಿ, ಹಾಕಿಸ್ತೀನಿ."

"ಸತ್ಯ ಹೇಳಿದ್ರೆ ಅವರು ಹೋಗ್ತಾರೆ ಅಂತ ನೀನೇ ಬರೆದಿದೀಯ!"

ಆಗ ಟೇಪಮ್ಮ ಚೀಲದಿಂದ ಕಣ್ಣೆತ್ತಿದರು. "ಏನಕ್ಕಾ, ಗಂಡ ಹೆಂಡ್ತಿ ಇಬ್ರೇ ಮಾತಾಡ್ಕೋತೀರಾ? ಮೂರು ಮುಕ್ತಾಯ ಬರೆದ್ರಿ. ಒಂದ್ರಲ್ಲಿ ಎದ್ದು ಹೋಗ್ತೀನಿ, ಒಂದ್ರಲ್ಲಿ ಮೋಸ ಹೋಗ್ತೀನಿ, ಒಂದ್ರಲ್ಲಿ ಬೀದೀಲಿ ನಿಲ್ತೀನಿ. ಒಂದ್ರಲ್ಲೂ ನನ್ನ ಬಾಯಿಗೆ ಒಂದು ಮಾತು ಕೊಡ್ಲಿಲ್ಲ. ಸಾಲ ಅಂದ್ರೆ ನಾನು ಹಾರಿಬೀಳ್ತೀನಿ ಅಂತ ನಿಮಗೆ ಹೇಳಿದ್ಯಾರು? ನನ್ನ ಹೊಲಿಗೆ ಮೆಶಿನ್ ಯಾವ ದುಡ್ಡಲ್ಲಿ ತಗೊಂಡೆ ಅಂತ ಕೇಳಿದ್ರಾ?"

ಅವರ ಮನಸ್ಸು ನನಗೆ ಗೊತ್ತಿಲ್ಲ. ಈ ಮಾತನ್ನೂ ನಾನೇ ಅವರ ಬಾಯಲ್ಲಿ ಇಟ್ಟದ್ದು. ನಿಜವಾದ ಟೇಪಮ್ಮ ಅಂಗಳದಲ್ಲಿ ಹಲ್ಲಿನಿಂದ ಚೀಲದ ಗಂಟು ಬಿಡಿಸುತ್ತಿದ್ದಾರೆ. ಗಂಟು ಬಿಗಿಯಾಗಿದೆ. ಅವರು ಕೇಳಿದ ಪ್ರಶ್ನೆಗೆ ಕಲ್ಲಿನ ಉತ್ತರ ಸಿಕ್ಕಿದೆ, ಅವರು ಅದನ್ನು ನಂಬಿದ್ದಾರೆ, ಅಥವಾ ನಂಬೋಣ ಅಂದುಕೊಂಡಿದ್ದಾರೆ.

7

ಮೂರು ಮುಕ್ತಾಯಗಳನ್ನೂ ಹೊಡೆದು ಹಾಕಿದ್ದೇನೆ. ನಾಲ್ಕನೆಯದು ನನ್ನ ಬಳಿ ಇಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀರಿ ಅಂತ ಯಾರಾದರೂ ಬೈದರೆ ಬೈಯಲಿ. ಆ ಕಡೆಗೂ ಬೆಳಕು, ಈ ಕಡೆಗೂ ಬೆಳಕು, ಗೋಡೆ ಮಾತ್ರ ನನ್ನದು.

ಗಂಟು ಬಿಚ್ಚಿತು. ಇವರ ಎಡಗೈ ಮುಂದೆ ಬಂತು. ನಾನು "ಒಂದು ನಿಮಿಷ" ಅನ್ನಲು ಬಾಯಿ ತೆರೆದೆ. ತೆರೆದೆ ಅಂತಲೇ ನನ್ನ ನೆನಪು. ಸದ್ದು ಬಂದಿತೋ ಇಲ್ಲವೋ, ಲೋಟಗಳು ತಟ್ಟೆಯ ಮೇಲೆ ಕಿಣಿಕಿಣಿ ಅಂದವು.

ಯಾವ ಮಾಯದಲ್ಲೋ ಮಗಳು ಅಂಗಳಕ್ಕೆ ಬಂದಿದ್ದಳು. ನಾನು ಬರೆದದ್ದಲ್ಲ, ತಾನೇ ಬಂದಳು. ಟೇಪಮ್ಮನನ್ನು ದಾಟಿ, ನನ್ನನ್ನು ದಾಟಿ, ಅಪ್ಪನ ಎದುರು ನಿಂತು ತಲೆಯೆತ್ತಿ ನೋಡಿದಳು. ಜಗಳದ ದನಿಯಲ್ಲ. ಲೆಕ್ಕ ಅರ್ಥವಾಗದೆ ಹೋದಾಗ ಕೇಳುತ್ತಾಳಲ್ಲ, ಅದೇ ದನಿ.

"ಅಪ್ಪಾ, ಹಳೇ ಗಾಜು ಚೆನ್ನಾಗೇ ಇತ್ತಲ್ಲಾ. ನಾವ್ಯಾಕೆ ಅದನ್ನ ತೆಗೆದ್ವಿ?"